ಟಾಕೀಸ್ ಹತ್ರ ಇಳ್ಕೊಳ್ಳಿ

4, ಬುಧವಾರ. ಸಂಜೆ, ಆಸ್ಪತ್ರೆಯ ಹಾಲ್

ಇವತ್ತೂ ತಡ. ತಲುಪಿದಾಗ ಐದೂಮುಕ್ಕಾಲು. ಐಸಿಯು ಬಾಗಿಲು ಐದಕ್ಕೆ ತೆರೆದು ಐದೂವರೆಗೆ ಮುಚ್ಚುತ್ತದೆ. ಒಬ್ಬರಿಗೆ ಮಾತ್ರ ಪ್ರವೇಶ. ಆ ಒಬ್ಬಳು ನಾನು. ಅಕ್ಕ ಮೊದಲ ದಿನವೇ ಭಾವನ ಮೂಗು ಬಾಯಿಯ ಕೊಳವೆಗಳನ್ನು ಕಂಡು ಕುಸಿದು, ಅವಳಿಗೇ ಒಂದು ಬೆಡ್ಡು ಹುಡುಕಬೇಕಾಯಿತಂತೆ. ಅಂದಿನಿಂದ ಹೊರಗೆ ಕೂರುವುದು ಅವಳ ಪಾಲು, ಒಳಗೆ ಹೋಗುವುದು ನನ್ನ ಪಾಲು. ಅದಕ್ಕೆಂದೇ ಕರೆಸಿಕೊಂಡಿದ್ದಾಳೆ. ಕಾಲೇಜಿಗೆ ರಜೆ ಬರೆದು ಬಂದೆ. ಈ ಊರಿಗೆ ಇದೇ ಮೊದಲು, ಇಷ್ಟು ವರ್ಷ ಅಕ್ಕ ಭಾವನೇ ನಮ್ಮೂರಿಗೆ ಬರುತ್ತಿದ್ದರು. ಅಡುಗೆ ಮಾಡು, ಡಬ್ಬಿ ಕಟ್ಟು, ಐದರೊಳಗೆ ಊರಿನ ಈ ತುದಿಯಿಂದ ಆ ತುದಿಗೆ ತಲುಪು. ಇಷ್ಟೇ ಕೆಲಸ. ಆಗುತ್ತಿಲ್ಲ.

ಭಾವ ಲಿಫ್ಟ್ ಮೆಕ್ಯಾನಿಕ್. ಊರನ್ನೆಲ್ಲ ಮೇಲೆತ್ತಿದ ಮನುಷ್ಯ. ಒಂದು ಲಿಫ್ಟಿನೊಳಗೇ ತಲೆ ಸುತ್ತಿ ಬಿದ್ದರು. ಮಿದುಳಿನಲ್ಲಿ ರಕ್ತಸ್ರಾವ. ಆಪರೇಷನ್ ಆಗಿದೆ, ಎಚ್ಚರ ಆಗಿಲ್ಲ. "ಮನೆಯವರ ದನಿ ಕಿವಿಗೆ ಬೀಳ್ತಾ ಇರ್ಬೇಕು. ದಿನಾ ಬಂದು ಮಾತಾಡ್ಸಿ. ಅದೇ ಈಗ ಔಷಧಿ" ಎಂದರು ಡಾಕ್ಟರು. ಹುಟ್ಟಿದಾಗಿನಿಂದ "ಬಾಯಿ ಮುಚ್ಚೇ" ಎಂದವರೇ ಎಲ್ಲ. ಬಾಯಿ ತೆರೆಯಲು ಡಾಕ್ಟರ ಚೀಟಿ ಸಿಕ್ಕಿದ್ದು ಇದೇ ಮೊದಲು. ಬಸ್ಸು ಬಿಡುತ್ತಿಲ್ಲ.

ಕಾಲೂರಲು ಜಾಗವಿಲ್ಲದ್ದಕ್ಕೆ ಊರು ಎಂದು ಯಾರು ಹೆಸರಿಟ್ಟರೋ. ಬಸ್ಸಿನಲ್ಲಿ ಬಸವಳಿದೆ. ಪಿಯು ಮಕ್ಕಳಿಗೆ ಭೂಗೋಳ ಹೇಳುವವಳು ನಾನು; ಇಲ್ಲಿ ಭೂ ಕಾಣುವುದಿಲ್ಲ, ಬರೀ ಗೋಳು.

ದಾರಿ ಕೇಳಿದರೆ ಎಲ್ಲರದೂ ಒಂದೇ ಪಾಠ. ವಾಚ್‌ಮನ್, ಹಾಲಿನವನು, ಕಂಡಕ್ಟರ್, ಪಕ್ಕದ ಮನೆಯಾಕೆ — "ಟಾಕೀಸ್ ದಾಟಿ, ಗಡಿಯಾರ ದಾಟಿ, ಕೆರೆ ಏರಿ ಹಿಡಿದ್ರೆ ಆಸ್ಪತ್ರೇನೇ." ಬಸ್ಸಿನಲ್ಲಿ ನಿಂತವಳಿಗೆ ಕಂಡದ್ದು ಜನರ ಕಂಕುಳು ಮಾತ್ರ. ಟಾಕೀಸ್ ಯಾವಾಗ ಬಂತೋ, ಯಾವಾಗ ಹೋಯಿತೋ.

ಅಕ್ಕ ಬೈಯಲಿಲ್ಲ. ಡಬ್ಬಿ ತೆಗೆದು, ಮುಚ್ಚಿ, "ನಾಳೆ ಬೇಗ ಹೊರಡೇ" ಎಂದಳು. ಬೈದಿದ್ದರೆ ಚೆನ್ನಾಗಿತ್ತು.


5, ಗುರುವಾರ. ಸಂಜೆ 4.40, ಆಸ್ಪತ್ರೆ

ನಾಲ್ಕೂ ನಲವತ್ತು! ಬೇಕೆಂದೇ ಬರೆದೆ. ಇನ್ನೊಮ್ಮೆ ನೋಡಿಕೊಳ್ಳಲು.

ಮನೆಯ ತಿರುವಿನಲ್ಲಿ ಒಂದು ಆಟೋ ಯಾರನ್ನೋ ಪೆಟ್ಟಿಗೆ ಸಮೇತ ಇಳಿಸುತ್ತಿತ್ತು. ಹೋಗಿ ಹತ್ತಿದೆ. ಚಾಲಕ ವಯಸ್ಸಾದವನು, ಕತ್ತಿಗೆ ಮಫ್ಲರ್.

"ಹೊಸಬ್ರಾ ಊರಿಗೆ?"

"ಮುಖದ ಮೇಲೆ ಬರ್ದಿದೆಯಾ?"

"ಇದೆ" ಎಂದ. ಆಮೇಲೆ ಮಾತಿಲ್ಲ. ಆಟೋ ಮಾತ್ರ ಕಿವಿ ಹರಿದುಹೋಗುವಂತೆ ಅರಚುತ್ತಿತ್ತು. ಇವನಿಗೆ ಹಾಕಿದ ಸೈಲೆನ್ಸರನ್ನು ಅದಕ್ಕೆ ಹಾಕಬೇಕಿತ್ತು. ಸೈಲೆನ್ಸರ್ ಎಂದೇ ಹೆಸರಿಟ್ಟೆ.

"ಯಾವ ಕಡೆಯಿಂದ?" ಎಂದ. ಕಂಠಪಾಠ ಆಗಿತ್ತಲ್ಲ, ಒಪ್ಪಿಸಿದೆ: ಟಾಕೀಸ್, ಗಡಿಯಾರ, ಕೆರೆ ಏರಿ. ಕನ್ನಡಿಯಲ್ಲಿ ಒಂದು ಸಲ ನನ್ನ ಮುಖ ನೋಡಿ, ಎಡಕ್ಕೆ ತಿರುಗಿಸಿದ.

ಅದ್ಯಾವ ರಸ್ತೆ! ಅಗಲ, ಖಾಲಿ. ಹಾರನ್ನಿಲ್ಲ. ಟಾಕೀಸ್ ಬಂತು — ಹಳದಿ ಗೋಡೆ, ಕಬ್ಬಿಣದ ಗೇಟು, ಟಿಕೆಟ್ ಕಿಟಕಿಯ ಮುಂದೆ ಉದ್ದ ಸಾಲು. ಎಲ್ಲರ ಮುಖ ಕಿಟಕಿಯ ಕಡೆಗೇ. ಗೇಟಿನ ಪಕ್ಕ ಬಸ್ ಸ್ಟಾಪು. ಬೆಂಚಿನ ಮೇಲೆ ಮೂರು ನಾಲ್ಕು ಜನ. ಒಬ್ಬ ಎದ್ದು ಎರಡೂ ಕೈ ಬೀಸಿ ಆಟೋ ಕೂಗಿದ. ಸೈಲೆನ್ಸರ್ ನಿಲ್ಲಿಸಲಿಲ್ಲ. ನಿಲ್ಲಿಸಬೇಡ ಎಂದೇ ನಾನೂ ಅಂದುಕೊಂಡೆ. ಆಮೇಲೆ ಗಡಿಯಾರ, ಆಮೇಲೆ ಕೆರೆ, ತಣ್ಣನೆಯ ಗಾಳಿ. ಏರಿ ಇಳಿದರೆ ಆಸ್ಪತ್ರೆ.

ಒಂದು ಮಾತ್ರ ಅರ್ಥವಾಗಲಿಲ್ಲ. ಆ ರಸ್ತೆಯ ಉದ್ದಕ್ಕೂ ಒಂದು ಅಗಲವಾದ ನೆರಳಿತ್ತು, ಪಟ್ಟಿ ಹಾಸಿದ ಹಾಗೆ. ತಲೆ ಎತ್ತಿ ನೋಡಿದೆ. ಬರೀ ಆಕಾಶ.

ಭಾವನ ಹತ್ತಿರ ಅರ್ಧ ಗಂಟೆ ಪೂರ್ತಿ ಮಾತಾಡಿದೆ. ಕಾಲೇಜು, ಪ್ರಿನ್ಸಿಪಾಲರ ಹಲ್ಲುಸೆಟ್ಟು, ಎಲ್ಲ. ಕೊನೆಗೆ ಅವರ ಬೆರಳು ಸ್ವಲ್ಪ ಆಡಿತು ಎಂದು ನರ್ಸ್ ಹೇಳಿದಳು. ಅಕ್ಕನಿಗೆ ಹೇಳಿದೆ. ಇವತ್ತು ಊಟ ಮಾಡಿದಳು.

"ಅದೆಂಗೇ ಇಷ್ಟು ಬೇಗ ಬಂದೆ?"

"ಟಾಕೀಸ್ ರಸ್ತೇಲಿ."

"ಎಲ್ಲಾರೂ ಅಲ್ಲೇ ಬರೋದು" ಎಂದಳು.


7, ಶನಿವಾರ. ಸಂಜೆ, ವಾಪಸ್ ಬಸ್ಸಿನಲ್ಲಿ

ನಿನ್ನೆಯೂ ಸೈಲೆನ್ಸರ್. ಇವತ್ತೂ. ನಾನು ಹೊರಡುವ ಹೊತ್ತಿಗೆ ಸರಿಯಾಗಿ ತಿರುವಿನಲ್ಲಿ ಯಾರದೋ ಪೆಟ್ಟಿಗೆ ಇಳಿಯುತ್ತಿರುತ್ತದೆ. ಭಾವನ ಬೆರಳು ಇವತ್ತು ನನ್ನ ಬೆರಳನ್ನು ಹಿಡಿಯಿತು. ಹಿಡಿದು ಬಿಟ್ಟಿತು. "ಬರ್ತಾರೆ, ಹೋಗ್ತಾರೆ. ಹಂಗೇ ಶುರುವಾಗೋದು" ಎಂದಳು ನರ್ಸ್.

ಈಗ ಅಕ್ಕನ ಪಕ್ಕ ಕೂತು ಬರೆಯುತ್ತಿದ್ದೇನೆ. ಅಕ್ಷರ ವಕ್ರ, ಬಸ್ಸು ಕುಣಿಯುತ್ತಿದೆ. ಅದೊಂದೇ ಕಾರಣವಲ್ಲ.

ಖುಷಿಯಲ್ಲಿದ್ದೆ, ಹರಟಿದೆ. "ಆ ಸಿನಿಮಾಕ್ಕೆ ಅದೇನು ನೂಕುನುಗ್ಗಲೇ ಅಕ್ಕ! ಮೂರು ದಿನದಿಂದ ಅದೇ ಕ್ಯೂ. ಒಬ್ಬನೂ ಮುಂದೆ ಹೋಗಿಲ್ಲ."

"ಯಾವ ಕ್ಯೂ?"

"ಟಾಕೀಸಿಂದು."

ಅಕ್ಕ ನಕ್ಕಳು. "ಲೇ, ಟಾಕೀಸ್ ಒಡೆದು ಯಾವ ಕಾಲ ಆಯ್ತೇ! ನನ್ನ ಮಗಳು ಹುಟ್ಟೋ ಮುಂಚೆ. ಅಲ್ಲೀಗ ಫ್ಲೈಓವರ್."

"ಮತ್ತೆ ಎಲ್ರೂ ಟಾಕೀಸ್ ದಾಟಿ ಅಂತಾರೆ?"

"ಅನ್ನೋದು ಹಂಗೇ. ಬಾಯಿಗೆ ಕೂತ್ಬಿಟ್ಟಿದೆ."

"ಗಡಿಯಾರ?"

"ಅದನ್ನ ರಸ್ತೆ ಅಗಲ ಮಾಡೋಕೆ ಕೆಡವಿದ್ರು."

"ಕೆರೆ ಏರಿ..."

"ಕೆರೆ ಎಲ್ಲಿಂದ ಬಂತು? ಬಸ್ ಡಿಪೋ ಅದು." ಆಮೇಲೆ ನನ್ನ ಹಣೆ ಮುಟ್ಟಿ ನೋಡಿದಳು. "ಬಿಸಿಲಲ್ಲಿ ಅಲೀಬೇಡ್ವೇ."

ಒಂದು ಇಡೀ ಊರು, ಇಲ್ಲದ ಜಾಗಗಳನ್ನು ಹಿಡಿದುಕೊಂಡು ದಿನಾ ಮನೆ ಮುಟ್ಟುತ್ತಿದೆ. ಇದ್ದದ್ದನ್ನು ತೋರಿಸಲು ಇಲ್ಲದ್ದು! ತರಗತಿಯಲ್ಲಾದರೆ ನಗೆ ಬರುತ್ತಿತ್ತು. ಕಿಟಕಿಯ ಹೊರಗೆ ನೋಡಲಿಲ್ಲ. ನೋಡಬೇಕು ಅನ್ನಿಸಲಿಲ್ಲ.


8, ಭಾನುವಾರ

ಆಟೋ ಹತ್ತುವ ಮೊದಲೇ ಕೇಳಿದೆ. "ಟಾಕೀಸ್ ಇಲ್ವಂತಲ್ಲ?"

"ಯಾರು ಹೇಳಿದ್ರು?"

"ನಮ್ಮಕ್ಕ. ಇಲ್ಲೇ ಇರೋಳು."

"ಅದಕ್ಕೇ ಅವರಿಗೆ ಇಲ್ಲ." ಕಿಕ್ಕರ್ ಎಳೆಯದೆ ಕೂತ. ಇಷ್ಟು ಮಾತು ಅವನ ಬಾಯಿಂದ ಬಂದದ್ದೇ ಆಶ್ಚರ್ಯ. "ಊರಿನೋರು ಬಾಯಲ್ಲಿ ಟಾಕೀಸ್ ಅಂತಾರೆ, ಮನಸ್ಸಲ್ಲಿ ಫ್ಲೈಓವರ್ ಇಟ್ಕೊಂಡಿರ್ತಾರೆ. ಹೊಸಬ್ರ ಮನಸ್ಸಲ್ಲಿ ಆ ಹೆಸರು ಬಿಟ್ರೆ ಬೇರೇನೂ ಇರಲ್ಲ. ಅವರನ್ನ ಕೂರಿಸ್ಕೊಂಡ್ರೆ ರಸ್ತೆ ತೆರ್ಕೊಳುತ್ತೆ. ಯಾಕೆ ಅಂತ ನಂಗೂ ಗೊತ್ತಿಲ್ಲ. ನಂಗೆ ಪೆಟ್ರೋಲ್ ಉಳಿಯುತ್ತೆ."

"ಈಗ ನಂಗೆ ಗೊತ್ತಾಗ್ಹೋಯ್ತಲ್ಲ?"

"ಕೇಳಿದೀರ. ಆ ಫ್ಲೈಓವರನ್ನ ಕಣ್ಣಲ್ಲಿ ನೋಡಿಲ್ವಲ್ಲ. ನೋಡ್ಬೇಡಿ, ಅಷ್ಟೇ."

ಹೋದೆವು. ರಸ್ತೆ ಇತ್ತು. ಟಾಕೀಸ್ ಇತ್ತು. ಈ ಸಲ ಅದನ್ನು ಕಣ್ಣು ಬಿಟ್ಟು ನೋಡಿದೆ. ಸಾಲಿನಲ್ಲಿ ನಿಂತವರಿಗೆ ಅವಸರವಿಲ್ಲ, ಬೇಸರವಿಲ್ಲ. ಮೇಲಿನಿಂದ ಒಂದು ಗುಂಯ್ ಸದ್ದು. ಎಲ್ಲೋ ಎತ್ತರದಲ್ಲಿ ಸಾವಿರ ಗಾಡಿ ಓಡಿದ ಹಾಗೆ. ನನ್ನ ತೋಳಿನ ಮೇಲೆ ಸಿಮೆಂಟಿನ ಪುಡಿ ಉದುರಿತು. ಬಸ್ ಸ್ಟಾಪಿನಲ್ಲಿ ಅದೇ ಮನುಷ್ಯ ಎದ್ದು ಕೈ ಬೀಸಿದ. ಏನೋ ಕೂಗಿದ. ಆಟೋದ ಅರಚಾಟದಲ್ಲಿ ಕೇಳಿಸಲಿಲ್ಲ. ನೆರಳಿನಲ್ಲಿ ಮುಖವೂ ಕಾಣಲಿಲ್ಲ.

ಹೆದರಿಕೆ ಆಗುತ್ತದೆ. ಆದರೆ ಐದಕ್ಕೆ ಸರಿಯಾಗಿ ತಲುಪುತ್ತೇನೆ. ಬೆರಳು ಹಿಡಿಯುತ್ತದೆ. ಅಕ್ಕ ಊಟ ಮಾಡುತ್ತಾಳೆ. ಹೆದರಿಕೆಯನ್ನು ಡಬ್ಬಿಯ ಕೆಳಗಿನ ಖಾನೆಯಲ್ಲಿ ಹಾಕಿ ಮುಚ್ಚಳ ಒತ್ತಿದೆ.


9, ಸೋಮವಾರ. 5.35, ಮೆಟ್ಟಿಲ ಮೇಲೆ

ಕಣ್ಣು ಬಿಟ್ಟರು.

ನಾನು ಎಂದಿನ ಹಾಗೆ ವಟಗುಟ್ಟುತ್ತಿದ್ದೆ. ರೆಪ್ಪೆ ತೆರೆಯಿತು. ಕಣ್ಣು ಸುತ್ತಾಡಿ ನನ್ನ ಮೇಲೆ ನಿಂತಿತು. ಕೊಳವೆಯನ್ನು ಬೆಳಿಗ್ಗೆಯೇ ತೆಗೆದಿದ್ದರು. ಗಂಟಲು ಮರಳು ಉಜ್ಜಿದ ಹಾಗೆ.

"ಅಟ್ಲಾಸ್."

ಭಾವ ನನ್ನನ್ನು ಕರೆಯುವುದೇ ಹಾಗೆ. ಅಳು ಬಂತು, ನಗುವೂ ಬಂತು. "ಇಲ್ಲೇ ಇದೀನಿ ಭಾವ."

"ದಿನಾ ಆಟೋದಲ್ಲಿ ಹೋಗ್ತೀಯ. ಎಷ್ಟು ಕೂಗ್ದೆ. ನಿಲ್ಲಿಸ್ಲೇ ಇಲ್ವಲ್ಲೇ ನೀನು."

"ಎಲ್ಲಿ ಭಾವ?"

"ಟಾಕೀಸ್ ಹತ್ರ. ಬಸ್ಸು ಬರ್ತಾನೇ ಇಲ್ಲ."

ಕಣ್ಣು ಮುಚ್ಚಿತು. ನರ್ಸ್ ಓಡಿ ಬಂದು ಏನೇನೋ ನೋಡಿ, "ಗುಡ್, ಗುಡ್" ಎಂದಳು.

ಆ ಮನುಷ್ಯನ ಭುಜ. ಎದ್ದು ನಿಲ್ಲುವ ರೀತಿ. ಎಡ ಭುಜಕ್ಕೆ ಸ್ಪಾನರ್ ಚೀಲ ನೇತುಹಾಕಿ ನೇತುಹಾಕಿ ಒಂದು ಕಡೆ ವಾಲಿದ ಭುಜ. ಹೇಗೆ ಗುರುತು ಹಿಡಿಯಲಿಲ್ಲ?

ಅವರನ್ನು ನೋಡಲೆಂದೇ ದಿನಾ ಅವರನ್ನು ದಾಟಿಕೊಂಡು ಬರುತ್ತಿದ್ದೇನೆ.


10, ಮಂಗಳವಾರ. ಬೆಳಿಗ್ಗೆ

ಹೇಳಬಾರದಿತ್ತು. ಹೇಳಿಬಿಟ್ಟೆ.

ಕಣ್ಣು ಬಿಟ್ಟರೆಂದು ಅಕ್ಕ ನಿನ್ನೆಯಿಂದ ಹಾರಾಡುತ್ತಿದ್ದಳು. ಏನಂದ್ರು, ಏನಂದ್ರು ಎಂದು ಜೀವ ತಿಂದಳು. ಒಂದಕ್ಷರ ಬಿಡದೆ ಹೇಳಿದೆ. ನಾನು ಕಂಡದ್ದನ್ನೂ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳ ಮುಖ ಬಿಳುಚಿತು. ಆಮೇಲೆ ಕೆಂಪಾಯಿತು.

"ತಮಾಷೆಗೂ ಒಂದು ಮಿತಿ ಬೇಡ್ವೇನೇ? ಎಲ್ಲದಕ್ಕೂ ಕಥೆ ಕಟ್ತೀಯ. ಅವರು ಮತ್ತಿನಲ್ಲಿ ಏನೋ ಬಡಬಡಿಸಿದ್ರೆ ಅದಕ್ಕೆ ಬಾಲ ಅಂಟಿಸ್ತೀಯ!"

"ಅಕ್ಕ, ಆಣೆಗೂ—"

"ನಡಿ. ಈಗ್ಲೇ ನಡಿ. ಕಣ್ಣಾರೆ ತೋರಿಸ್ತೀನಿ. ನಿನ್ನ ಹುಚ್ಚು ಬಿಡಿಸ್ದಿದ್ರೆ ನಾನು ನಿಮ್ಮಕ್ಕ ಅಲ್ಲ."

ಬರೋದಿಲ್ಲ ಎಂದೆ. ಅವಳು ಅತ್ತಳು. ಅಕ್ಕ ಅತ್ತರೆ ನನ್ನ ಬುದ್ಧಿ ಕೆಲಸ ಮಾಡುವುದಿಲ್ಲ. ಹೋದೆ.

ಬಸ್ಸಿನಿಂದ ಇಳಿಸಿ, ತೋಳು ಹಿಡಿದು, ನಡುರಸ್ತೆಯಲ್ಲಿ ನಿಲ್ಲಿಸಿದಳು. "ನೋಡು. ಸರಿಯಾಗಿ ನೋಡು." ಕಂಬಗಳು. ಒಂದೊಂದರ ಮೇಲೆ ನಂಬರು. ಕಂಬದ ಬುಡದಲ್ಲಿ ಪಾರ್ಕಿಂಗ್ ಮಾಡಿದ ಬೈಕುಗಳು, ಕಸದ ಚೀಲಗಳು. ಮೇಲೆ ಬೂದು ಬಣ್ಣದ ಹೊಟ್ಟೆ, ಅದರ ಮೇಲೆ ಗುಂಯ್ ಎಂದು ಓಡುವ ಗಾಡಿಗಳು. ರಸ್ತೆಯ ಉದ್ದಕ್ಕೂ ಅಗಲವಾದ ನೆರಳು.

ಅದೇ ನೆರಳು.

"ಎಲ್ಲಿದೆ ನಿನ್ನ ಟಾಕೀಸ್?"

ಇಲ್ಲ ಎಂದೆ. ಅಕ್ಕ ತಬ್ಬಿಕೊಂಡಳು. "ಅಷ್ಟೇ ಕಣೇ. ನಿದ್ದೆ ಇಲ್ಲ ನಿಂಗೆ, ಅದಕ್ಕೇ." ಅವಳ ಹೆಗಲ ಮೇಲಿಂದ ನೋಡಿದೆ. ಹದಿನಾಲ್ಕನೇ ನಂಬರಿನ ಕಂಬದ ಪಕ್ಕ ಖಾಲಿ ಜಾಗ. ಅಲ್ಲಿ ಒಂದೂ ಬೈಕು ನಿಲ್ಲಿಸಿರಲಿಲ್ಲ.


10, ಸಂಜೆ

ಸೈಲೆನ್ಸರ್ ಬರಲಿಲ್ಲ. ಬೇರೆ ಆಟೋ ಹಿಡಿದು ಟಾಕೀಸ್, ಗಡಿಯಾರ, ಕೆರೆ ಏರಿ ಎಂದೆ. "ಫ್ಲೈಓವರ್ ಮೇಲೆ ಹೋಗ್ಲಾ, ಕೆಳಗಾ?" ಎಂದ. ಕೆಳಗೆ ಹೋದ. ಹದಿನಾಲ್ಕನೇ ಕಂಬದ ಹತ್ತಿರವೇ ಟ್ರಾಫಿಕ್ಕಿನಲ್ಲಿ ಸಿಕ್ಕಿ ನಿಂತೆವು. ತಲೆ ಹೊರಗೆ ಹಾಕಿ "ಭಾವಾ" ಎಂದು ಕೂಗಿದೆ. ಪಕ್ಕದ ಬೈಕಿನವನು ಹೆಲ್ಮೆಟ್ ಎತ್ತಿ ನೋಡಿದ.

ಬಾಗಿಲು ಮುಚ್ಚಿತ್ತು.


12, ಗುರುವಾರ

ಮತ್ತೆ ಕೊಳವೆ ಹಾಕಿದರು. ಸೋಂಕಂತೆ, ಇನ್ನೇನೋ ಅಂತೆ. ನಿನ್ನೆ ಹೊತ್ತಿಗೆ ಮುಂಚೆ ಮಧ್ಯಾಹ್ನವೇ ಬಂದು ಕೂತಿದ್ದೆ, ಐದಕ್ಕೆ ಒಳಗೆ ಹೋದೆ, ಅರ್ಧ ಗಂಟೆ ಮಾತಾಡಿದೆ. ಯಾರೂ ಇಲ್ಲದ ಮನೆಯ ಬೆಲ್ ಒತ್ತಿದ ಹಾಗಿತ್ತು. ಬೆರಳು ಸುಮ್ಮನಿತ್ತು.


16, ಸೋಮವಾರ. ಆಸ್ಪತ್ರೆಯ ಹಾಲ್

ಬರೆಯುವಂಥದ್ದೇನೂ ಇರಲಿಲ್ಲ.

ಡಾಕ್ಟರು ಇವತ್ತು ಅಕ್ಕನನ್ನೂ ನನ್ನನ್ನೂ ಕೂರಿಸಿ ಮಾತಾಡಿದರು. ಬೈಯುವವರ ಹಾಗೆ ಮಾತಾಡಿದ್ದರೆ ಧೈರ್ಯ ಇರುತ್ತಿತ್ತು. ಬಹಳ ಮೆತ್ತಗೆ ಮಾತಾಡಿದರು. "ಎರಡು ದಿನ ನೋಡೋಣ. ಆಮೇಲೆ ನೀವೇ ಒಂದು ತೀರ್ಮಾನಕ್ಕೆ ಬರಬೇಕಾಗಬಹುದು." ಅಕ್ಕನ ಮಗಳು ವಿದೇಶದಿಂದ ಹೊರಟಿದ್ದಾಳೆ.

ಅಕ್ಕ ಸೆರಗಿನ ಅಂಚನ್ನು ಸುತ್ತಿ ಸುತ್ತಿ ಬಿಡುತ್ತಾ ಕೂತಿದ್ದಳು. "ಅವರು ಆ ಬೆಡ್ಡಲ್ಲಿ ಇಲ್ಲ ಅನ್ಸುತ್ತೆ ಕಣೇ. ಬೇರೆ ಎಲ್ಲೋ ಇದಾರೆ. ಎಲ್ಲಿ ಅಂತ ಗೊತ್ತಿದ್ರೆ ಹೋಗಿ ಕೈ ಹಿಡ್ಕೊಂಡು ಎಳ್ಕೊಂಡು ಬರ್ತಿದ್ದೆ" ಎಂದಳು.

ನನಗೆ ಗೊತ್ತಿದೆ ಎಲ್ಲಿ ಅಂತ. ದಾರಿ ಕಳೆದುಕೊಂಡಿದ್ದೇನೆ.

ಈಗ ಈ ಊರಿನ ಬಸ್ ನಂಬರೆಲ್ಲ ಬಾಯಿಗೆ ಬರುತ್ತವೆ. ಯಾವ ಸಿಗ್ನಲ್ ಎಷ್ಟು ಹೊತ್ತು ಅಂತ ಗೊತ್ತು. ಬೆಳಿಗ್ಗೆ ಯಾರೋ ಮುದುಕಿ ದಾರಿ ಕೇಳಿದರೆ "ಟಾಕೀಸ್ ಹತ್ರ ಇಳ್ಕೊಳ್ಳಿ" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮನಸ್ಸಿನಲ್ಲಿ ಫ್ಲೈಓವರ್ ಇತ್ತು.

ಸೈಲೆನ್ಸರನ್ನು ಹುಡುಕಬೇಕು. ಅವನಿಗೆ ಹೊಸಬರು ಬೇಕು. ಹೊಸಬರು ಇಳಿಯುವುದು ಎಲ್ಲಿ?


17, ಮಂಗಳವಾರ. ಮಧ್ಯಾಹ್ನ 3.15, ರೈಲ್ವೇ ಸ್ಟೇಷನ್ ಹೊರಗೆ

ಬಂದ ದಿನದ ಸೀರೆಯನ್ನೇ ಉಟ್ಟು, ಅದೇ ಪೆಟ್ಟಿಗೆ ಹಿಡಿದು ನಿಂತಿದ್ದೇನೆ. ಪೆಟ್ಟಿಗೆ ಖಾಲಿ. ವೇಷ ಪೂರ್ತಿ. ಕಾಲೇಜಿನ ನಾಟಕದಲ್ಲಿ ನನಗೆ ಮರದ ಪಾತ್ರ ಕೊಟ್ಟಿದ್ದರು. ಅಲ್ಲಿಂದ ಇಲ್ಲಿಗೆ ಬಡ್ತಿ.

ಪೋರ್ಟರ್: "ಯಾವ ಟ್ರೇನಮ್ಮ?"

"ಈಗ ಬಂತಲ್ಲ, ಅದು."

"ಈಗ ಯಾವ್ದೂ ಬಂದಿಲ್ಲ."

"ಹಾಗಾದ್ರೆ ಅದಕ್ಕೇ ಕಾಯ್ತಿದೀನಿ." ಅವನು ತಲೆ ಕೆರೆದುಕೊಂಡು ಹೋದ.

ಆಟೋದ ಅರಚಾಟ ಕೇಳಿಸುತ್ತಿದೆ. ಆ ಅರಚಾಟ ಊರಿಗೆಲ್ಲ ಒಂದೇ.


17, ಸಂಜೆ 4.50, ಬಸ್ ಸ್ಟಾಪ್

ಬರೆಯುತ್ತಿದ್ದರೆ ಮನಸ್ಸು ಹಿಡಿತದಲ್ಲಿರುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಆದದ್ದನ್ನು ಆದ ಹಾಗೆ.

ಸೈಲೆನ್ಸರ್ ನನ್ನನ್ನು, ಪೆಟ್ಟಿಗೆಯನ್ನು ನೋಡಿದ. ನಗಲಿಲ್ಲ. "ಜನಕ್ಕೆ ಮೋಸ ಮಾಡ್ಬೋದು. ರಸ್ತೆಗೆ ಆಗಲ್ಲ. ಮನಸ್ಸಲ್ಲಿ ಏನಿದೆ ಹೇಳಿ."

"ನಮ್ಮ ಭಾವ ಇದ್ದಾರೆ."

"ಫ್ಲೈಓವರ್?"

"ಅದೂ ಇದೆ. ಭಾವ ಅದರ ಕೆಳಗಿದ್ದಾರೆ."

ಹ್ಯಾಂಡಲ್ ಒರೆಸಿದ. "ಎಲ್ಲಿಗೆ ಹಾಗಾದ್ರೆ? ಆಸ್ಪತ್ರೆಗಾ?"

"ಟಾಕೀಸಿಗೆ."

"ಇಷ್ಟು ದಿನ ದಾಟ್ಕೊಂಡು ಹೋಗ್ತಿದ್ರಿ ತಾಯಿ. ಇವತ್ತು ಇಳೀತೀನಿ ಅಂತೀರ. ನಾನು ಯಾರನ್ನೂ ಅಲ್ಲಿ ಇಳಿಸಿಲ್ಲ. ಅಲ್ಲಿ ಗಾಡಿ ನಿಲ್ಲಲ್ಲ, ನಿಂತ್ರೆ ಮತ್ತೆ ಹೊರಡಲ್ಲ. ಫ್ಲೈಓವರ್ ಬಿಟ್ಟು ಅವರನ್ನೇ ಮನಸ್ಸಲ್ಲಿ ಹಿಡ್ಕೊಳ್ಳಿ, ನಾನು ನಿಧಾನ ಮಾಡ್ತೀನಿ. ಅವರನ್ನ ಹತ್ತಿಸ್ಕೊಳ್ಳೋದು ನಿಮಗೆ ಬಿಟ್ಟಿದ್ದು."

"ಹತ್ತಿಸ್ತೀನಿ."

ರಸ್ತೆ ತೆರೆಯಿತು. ಈ ಸಲ ಸಲೀಸಾಗಿ ಅಲ್ಲ. ಕಂಬಗಳು ಇದ್ದವು, ಹೊಗೆಯ ಹಾಗೆ. ಆಟೋ ಅವುಗಳ ಮಧ್ಯೆ ನುಗ್ಗಿದಂತೆ ಒಂದೊಂದೇ ತೆಳುವಾದವು. ಹಳದಿ ಗೋಡೆ ಬಂತು. ಸಾಲು ಬಂತು. ಸಾಲಿನವರೆಲ್ಲ ಈ ಸಲ ನನ್ನ ಕಡೆ ತಿರುಗಿದ್ದರು.

ಭಾವ ಬೆಂಚಿನ ಮೇಲಿದ್ದರು. ಕೈ ಬೀಸಲಿಲ್ಲ. ಬೀಸಿ ಬೀಸಿ ಸಾಕಾಗಿತ್ತೇನೋ. ಕಂಪನಿಯ ನೀಲಿ ಅಂಗಿ, ಸ್ಪಾನರ್ ಚೀಲ. ಹಾರಿ ಇಳಿದೆ, ಆಟೋ ಆಮೆಯ ಹಾಗೆ ತೆವಳುತ್ತಲೇ ಇತ್ತು.

"ಭಾವ, ಏಳಿ, ಹತ್ತಿ!"

"ಓಹೋ, ಅಟ್ಲಾಸ್! ಕೊನೆಗೂ ದಾರಿ ಸಿಕ್ತಾ? ಕೂತ್ಕೋ, ಬಸ್ಸು ಬರುತ್ತೆ. ಮನೆಗೇ ಹೋಗೋಣ."

"ಮನೆಗಲ್ಲ ಭಾವ. ಆಸ್ಪತ್ರೆಗೆ."

"ನಂಗೇನಾಗಿದೆ? ಕಲ್ಲುಗುಂಡು ಇದ್ದಂಗಿದೀನಿ. ನಿಮ್ಮಕ್ಕ ಊಟಕ್ಕೆ ಕಾಯ್ತಿರ್ತಾಳೆ. ತಡ ಆದ್ರೆ ಗೊತ್ತಲ್ಲ ಅವಳ ಬಾಯಿ. ನಿನ್ನದೇ ಮಾಡೆಲ್ಲು."

ಆಟೋ ಟಾಕೀಸ್ ಗೇಟು ದಾಟುತ್ತಿತ್ತು. ಎಳೆದೆ. ಜಗ್ಗಲಿಲ್ಲ. ಲಿಫ್ಟಿನ ತೂಕದ ಕಲ್ಲಿನಂಥ ಮನುಷ್ಯ.

"ಅಕ್ಕ ಮನೇಲಿಲ್ಲ ಭಾವ. ಆಸ್ಪತ್ರೇಲಿದಾಳೆ. ಹದಿನೈದು ದಿನದಿಂದ."

ಅವರ ಮುಖ ನೋಡಬಾರದಿತ್ತು. "ಅವಳಿಗೇನಾಯ್ತು?" ಎಂದವರೇ ಎದ್ದು, ನನ್ನನ್ನು ಬದಿಗೆ ಸರಿಸಿ, ಓಡಿದರು. ಆ ಮೈಯಲ್ಲಿ ಅಂಥ ಓಟ ಇದೆಯೆಂದು ಯಾರಿಗೆ ಗೊತ್ತಿತ್ತು! ಆಟೋ ಹಿಡಿದು, ಚೀಲ ಒಳಗೆಸೆದು, ಹತ್ತಿದರು. ನಾನೂ ಓಡಿದೆ. ಸೀರೆ ಕಾಲಿಗೆ ಸುತ್ತಿತು. ಸೈಲೆನ್ಸರ್ ತಿರುಗಿ ನೋಡಿದ, ನಿಲ್ಲಿಸುವಂತಿರಲಿಲ್ಲ. ನಾನೇ ಕೂಗಿದೆ: "ಹೋಗಿ! ಐದಕ್ಕೆ ಬಾಗಿಲು!"

ಹೋದರು.


5.20

ನಡೆದೆ. ಗಡಿಯಾರ ಕಾಣುವ ತನಕ ನಡೆದೆ, ಗಡಿಯಾರದ ಆಚೆ ತಿರುಗಿದೆ, ಹಳದಿ ಗೋಡೆ ಬಂತು. ಹಿಂದಕ್ಕೆ ನಡೆದೆ. ಹಳದಿ ಗೋಡೆ.

ಬೆಂಚಿನಲ್ಲಿ ಇನ್ನೂ ಇಬ್ಬರಿದ್ದಾರೆ. ಒಬ್ಬಾಕೆಯ ತೊಡೆಯ ಮೇಲೆ ಮಡಿಸಿದ ಕೊಡೆ. "ಬಂದು ಬಹಳ ಹೊತ್ತಾಯ್ತಾ?" ಎಂದೆ. "ಈಗ ಬಂದೆ" ಎಂದಳು. ಆಚೆ ತುದಿಯವನನ್ನು ಕೇಳಿದೆ. "ಈಗ ಬಂದೆ." ನನ್ನನ್ನು ಯಾರೂ ಕೇಳಲಿಲ್ಲ. ಒಳ್ಳೆಯದಾಯಿತು. ಬಾಯಿ ತುದಿಗೆ ಅದೇ ಮಾತು ಬಂದಿತ್ತು.


5.40

ಫೋನ್ ಹೊಡೆದುಕೊಂಡಿತು! ಇಲ್ಲದ ರಸ್ತೆಯಲ್ಲಿ ಸಿಗ್ನಲ್ ಮಾತ್ರ ಭರ್ಜರಿ. ಮೇಲಿನ ಫ್ಲೈಓವರಿನ ಕೃಪೆ.

"ಕಣ್ಣು ಬಿಟ್ರು ಕಣೇ!" ಅಕ್ಕ ಅಳುತ್ತಿದ್ದಳು, ನಗುತ್ತಿದ್ದಳು. "ನೀನು ಬರ್ಲಿಲ್ಲ ಅಂತ ನಾನೇ ಧೈರ್ಯ ಮಾಡಿ ಒಳಗೆ ಹೋದೆ. ಕೈ ಹಿಡ್ಕೊಂಡ್ರು. ಡಾಕ್ಟರಿಗೇ ನಂಬೋಕಾಗ್ತಿಲ್ಲ. ತುಟಿ ಆಡಿಸಿ ಏನು ಕೇಳಿದ್ರು ಗೊತ್ತಾ? 'ನಿಂಗೇನಾಯ್ತು?' ಅಂತ. ನಂಗೆ! ಅವರು ನನ್ನ ಕೇಳ್ತಾರೆ!"

ನಾನು ಅತ್ತೆ. ಕೊಡೆಯಾಕೆ ಸ್ವಲ್ಪ ಸರಿದು ಜಾಗ ಕೊಟ್ಟಳು.

"ನೀನೆಲ್ಲಿದೀಯೇ?"

"ಟಾಕೀಸ್ ಹತ್ರ."

ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಬಹಳ ಸಣ್ಣ ದನಿಯಲ್ಲಿ, "ಲೊಕೇಶನ್ ಕಳಿಸು. ಅಲ್ಲಾಡ್ಬೇಡ. ಯಾರ ಜೊತೇನೂ ಹತ್ಬೇಡ. ಬರ್ತಿದೀನಿ."


6.35

ಬಸ್ಸೊಂದು ಬಂತು. ಬಾಗಿಲು ತೆರೆದು ನಿಂತಿತು. ಬೋರ್ಡಿನಲ್ಲಿ ಊರಿನ ಹೆಸರಿಲ್ಲ. ಆಚೆ ತುದಿಯವನು ಹತ್ತಿದ. ಕಂಡಕ್ಟರ್ ನನ್ನ ಕಡೆ ನೋಡಿ ಕಾದ. ನಾನು ಬೆಂಚು ಬಿಗಿಯಾಗಿ ಹಿಡಿದುಕೊಂಡೆ. ಹೋಯಿತು.


6.50

ಸ್ಪೀಕರ್ ಹಾಕಿ ಫೋನನ್ನು ಪಕ್ಕದಲ್ಲಿಟ್ಟಿದ್ದೇನೆ. ಅಕ್ಕ ಬಂದಿದ್ದಾಳೆ. ಮೊದಲು ಫ್ಲೈಓವರಿನ ಮೇಲೆ ಆಟೋ ನಿಲ್ಲಿಸಿ ಎಲ್ಲರಿಂದ ಬೈಸಿಕೊಂಡಳು. ಈಗ ಕೆಳಗೆ ಇಳಿದಿದ್ದಾಳೆ.

"ಹದಿನಾಲ್ಕನೇ ಕಂಬದ ಹತ್ರ ಇದೀನಿ. ಫೋನಲ್ಲಿ ನಿನ್ನ ಚುಕ್ಕಿ ಮೇಲೇ ನಿಂತಿದೀನಿ ಕಣೇ. ನೀನೆಲ್ಲಿ?"

"ನಿನ್ನ ಚುಕ್ಕಿಯ ಕೆಳಗೆ."

"ತಮಾಷೆ ಗಿಮಾಷೆ ಎಲ್ಲ ಆಮೇಲೆ!"

"ಅಕ್ಕ, ನಂಗೆ ನೀನು ಕಾಣ್ತಿಲ್ಲ."

"ನಂಗೂ ಕಾಣ್ತಿಲ್ಲ. ಆದ್ರೆ ನೀನು ಇಲ್ಲಿದೀಯ. ಅವತ್ತು ನಾನೇ ನೋಡು ನೋಡು ಅಂತ ತೋರಿಸ್ದೆ, ಈಗ ನಾನೇ ನೋಡಲ್ಲ. ಕಣ್ಣು ಮುಚ್ಕೊಂಡಿದೀನಿ. ನೀನು ಇಲ್ಲಿದೀಯ. ಕೈ ಚಾಚು."

ಎಡಗೈ ಚಾಚಿದ್ದೇನೆ. ಗಾಳಿ. ಇನ್ನೂ ಸ್ವಲ್ಪ. ಗಾಳಿ. ಕೊಡೆಯಾಕೆ ನನ್ನ ಕೈಯನ್ನೇ ನೋಡುತ್ತಿದ್ದಾಳೆ. ಟಿಕೆಟ್ ಸಾಲಿನವರೂ ನೋಡುತ್ತಿದ್ದಾರೆ. ಅಕ್ಕ ಬೈಯುತ್ತಿದ್ದಾಳೆ, ಚಿಕ್ಕಂದಿನಿಂದ ಬೈದ ಬೈಗುಳವೆಲ್ಲ ಒಂದೊಂದಾಗಿ. ದನಿ ಫೋನಿನಿಂದ ಬರುತ್ತಿಲ್ಲ. ಹತ್ತಿರದಿಂದ. ಬೆರಳಿಗೆ ಏನೋ ತಗುಲಿತು. ತಣ್ಣಗೆ. ದುಂಡಗೆ. ಬಳೆ. ಅಕ್ಕನ—